ಗುಣವಾಗದವರ ಕಥೆ ಯಾರು ಬರೆಯಬೇಕು?



ನಿವೃತ್ತನಾದವನನ್ನು ಆಶಯ ಭಾಷಣಕ್ಕೆ ಕರೆದರೆ ಅವನು ಹಳೆಯ ತಕರಾರನ್ನೇ ಮತ್ತೆ ತೆಗೆಯುತ್ತಾನೆ. ಇದು ಗೊತ್ತಿದ್ದೂ ಕರೆದಿದ್ದೀರಿ, ವಂದನೆಗಳು. ಸತ್ಯಸಾಯಿ ಬಾಬಾ ಅವರ ಸುತ್ತ ಬೆಳೆದ ಚಳವಳಿಯ ಬಗ್ಗೆ ಲಾರೆನ್ಸ್ ಬ್ಯಾಬ್, ಸ್ಮೃತಿ ಶ್ರೀನಿವಾಸ್, ತುಳಸಿ ಶ್ರೀನಿವಾಸ್ ಬರೆದದ್ದನ್ನು ಮುಂದಿನ ಸಾಲಿನಲ್ಲಿ ಕೂತಿರುವ ಗೆಳೆಯರು ನನಗಿಂತ ಚೆನ್ನಾಗಿ ಪಾಠ ಮಾಡಿದ್ದಾರೆ. ಅದನ್ನೆಲ್ಲ ಮತ್ತೆ ಒಪ್ಪಿಸಲಾರೆ.

ನನ್ನ ತಕರಾರು ಇಷ್ಟೆ: ಕನ್ನಡದಲ್ಲಿ ಈ ಚರ್ಚೆ 1976ರಿಂದ ಮುಂದಕ್ಕೆ ಸರಿದಿಲ್ಲ. ಆ ವರ್ಷ ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳ ತನಿಖೆಗೆ ಸಮಿತಿ ಮಾಡಿದರು. ನಮ್ಮೆದುರು ಮಾಡಿ ತೋರಿಸಿ ಎಂದು ಬಾಬಾಗೆ ಪತ್ರ ಬರೆದರು. ಬಾಬಾ ಒಪ್ಪಲಿಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್ಚೆನ್ ಅವರಿಗೆ ಪುಟ್ಟಪರ್ತಿಯೇನೂ ದೂರದ ಊರಲ್ಲ. ಆ ಸೀಮೆಯ ಜನರ ನಂಬಿಕೆ ಅವರು ಕಂಡದ್ದೇ.

ಅಲ್ಲಿಂದಾಚೆ ನಮಗೆಲ್ಲ ಕಂಡದ್ದು ಬಾಬಾ ಅವರ ಕೈ ಮಾತ್ರ. ವಿಭೂತಿ ಅಂಗಿಯ ತೋಳಿನಿಂದ ಬಂತೋ, ಬೆರಳ ಸಂದಿಯಿಂದಲೋ? ಎಚ್ಚೆನ್ ಭೌತವಿಜ್ಞಾನಿ, ಅವರು ಕೇಳಬೇಕಾದದ್ದನ್ನೇ ಕೇಳಿದರು. ಸಮಾಜಶಾಸ್ತ್ರದ ನಾವೂ ಅದನ್ನೇ ಹಿಡಿದು ಕೂತದ್ದೇಕೆ? ಆ ವಿಭೂತಿಯನ್ನು ಪೊಟ್ಟಣ ಕಟ್ಟಿ ಮನೆಗೆ ಒಯ್ದ ರೋಗಿಯ ಹಿಂದೆ ಹೋದವರು ನಮ್ಮಲ್ಲಿ ಎಷ್ಟು ಜನ?

ಭಕ್ತರ ಕಡೆ ನೋಡಿದರೆ ನಮ್ಮ ನಾ. ಕಸ್ತೂರಿಯವರಿದ್ದಾರೆ. 'ಅನರ್ಥಕೋಶ' ಬರೆದು ಕನ್ನಡಿಗರನ್ನು ನಗಿಸಿದವರು 1958ರಲ್ಲಿ ಶುರುವಾದ 'ಸನಾತನ ಸಾರಥಿ'ಯ ಸಂಪಾದಕರಾದರು, 'ಸತ್ಯಂ ಶಿವಂ ಸುಂದರಂ' ಎಂಬ ಬಾಬಾ ಚರಿತ್ರೆ ಬರೆದರು. ಹಾಸ್ಯಗಾರನ ಕಣ್ಣು ಅಷ್ಟು ಸಲೀಸಾಗಿ ಮುಚ್ಚೀತೇ ಎಂಬ ಗುಮಾನಿ ನನ್ನನ್ನು ಬಿಟ್ಟಿಲ್ಲ. ಆ ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ಓದುವ ವಿದ್ಯಾರ್ಥಿ ಸಿಕ್ಕರೆ ನನ್ನ ಪ್ರತಿಗಳನ್ನೇ ಕೊಟ್ಟುಬಿಡುತ್ತೇನೆ. ಅದಿರಲಿ. 1963ರ ಗುರುಪೂರ್ಣಿಮೆಯಂದು, ಎಡಭಾಗ ಸ್ವಾಧೀನ ತಪ್ಪಿದ್ದ ಬಾಬಾ ಸಭೆಯ ಎದುರು ನೀರು ಚಿಮುಕಿಸಿಕೊಂಡು ಎದ್ದರು, ಭಕ್ತನೊಬ್ಬನ ಕಾಯಿಲೆಯನ್ನು ತಾನು ವಹಿಸಿಕೊಂಡಿದ್ದೆ ಎಂದರು ಎಂದು ಭಕ್ತರು ಬರೆದಿದ್ದಾರೆ. ಇಂಥ ಸಾಹಿತ್ಯದಲ್ಲಿ ಎದ್ದವರದ್ದೇ ಕಥೆ. ಏಳದವರು ಎಲ್ಲಿ ಹೋದರು?

ವಿಭೂತಿ ಕೊಟ್ಟವರೇ ಆಸ್ಪತ್ರೆಯನ್ನೂ ಕಟ್ಟಿಸಿದರು, 1991ರಲ್ಲಿ ಪುಟ್ಟಪರ್ತಿಯಲ್ಲಿ, 2001ರಲ್ಲಿ ವೈಟ್‌ಫೀಲ್ಡ್‌ನಲ್ಲಿ. ಎರಡರಲ್ಲೂ ಚಿಕಿತ್ಸೆಗೆ ದುಡ್ಡು ಕೇಳುವುದಿಲ್ಲ. ವೈಟ್‌ಫೀಲ್ಡ್‌ನ ಸಾಲಿನಲ್ಲಿ ಒಮ್ಮೆ ಪಾವಗಡದ ಕಡೆಯ ಮುದುಕರೊಬ್ಬರ ಪಕ್ಕ ನಿಂತಿದ್ದೆ. ಅವರ ಪ್ಲಾಸ್ಟಿಕ್ ಕವರಿನಲ್ಲಿ ಎಕೋ ರಿಪೋರ್ಟು, ರೇಷನ್ ಕಾರ್ಡು, ಕ್ಯಾಲೆಂಡರ್ ಹಾಳೆಯಲ್ಲಿ ಮಡಿಸಿದ ವಿಭೂತಿ. ಹೆಂಡತಿಗೂ ಇದನ್ನೇ ಹಚ್ಚಿದ್ದೆ, ಉಳೀಲಿಲ್ಲ ಅಂದರು. ಮತ್ತೆ ಯಾಕೆ ತಂದ್ರಿ ಅಂತ ಕೇಳಿದೆ. "ಅದು ಬೇರೆ, ಇದು ಬೇರೆ ಸಾರ್" ಅಂದರು. ಅಷ್ಟರಲ್ಲಿ ಅವರ ಹೆಸರು ಕೂಗಿದರು, ಹೋಗಿಬಿಟ್ಟರು.

ಯಾವುದು ಬೇರೆ? ನಮ್ಮ ಪುಸ್ತಕಗಳಲ್ಲಿ ಇದಕ್ಕೆ ಉತ್ತರ ಹುಡುಕುತ್ತಲೇ ಇದ್ದೇನೆ. ನಂಬಿಕೆ, ಮೂಢನಂಬಿಕೆ ಎಂಬ ಎರಡು ಡಬ್ಬಿಗಳಲ್ಲಿ ಯಾವುದಕ್ಕೂ ಆ ಮುದುಕರು ಹೊಂದುವುದಿಲ್ಲ. ಅವರು ಮೋಸಹೋದವರು ಎನ್ನೋಣವೆಂದರೆ, ವಿಭೂತಿ ಕೈಕೊಟ್ಟದ್ದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಇದೇ ಪ್ರಶ್ನೆ 2011ರಲ್ಲಿ ದೊಡ್ಡದಾಗಿ ಎದುರು ನಿಂತಿತು. ತೊಂಬತ್ತರಾಚೆಯೂ ಇರುತ್ತೇನೆ ಎಂದಿದ್ದ ಬಾಬಾ ಏಪ್ರಿಲ್ 24ರಂದು 84ನೇ ವಯಸ್ಸಿನಲ್ಲಿ, ತಾವೇ ಕಟ್ಟಿಸಿದ ಪುಟ್ಟಪರ್ತಿಯ ಆಸ್ಪತ್ರೆಯಲ್ಲಿ, ಸುಮಾರು ನಾಲ್ಕು ವಾರ ನರಳಿ ತೀರಿಕೊಂಡರು. ಕೆಲ ಭಕ್ತರು ಚಾಂದ್ರಮಾನದ ಲೆಕ್ಕ ಹಾಕಿ ವಯಸ್ಸು ಹೊಂದಿಸಿದರು. ವಿಚಾರವಾದಿಗಳು ನಕ್ಕರು. ಚಳವಳಿ ಮಾತ್ರ ಕರಗಲಿಲ್ಲ.

1993ರಲ್ಲಿ ಬಾಬಾ ಅವರ ಆಶ್ರಮ ಪ್ರಶಾಂತಿ ನಿಲಯದಲ್ಲಿ ನಡೆದ ಆರು ಸಾವುಗಳು, ನ್ಯಾಯಾಲಯದಲ್ಲಿ ಸಾಬೀತಾಗದೆ ಉಳಿದ ಲೈಂಗಿಕ ದೌರ್ಜನ್ಯದ ಆರೋಪಗಳು ಮಧ್ಯಾಹ್ನದ ಗೋಷ್ಠಿಯಲ್ಲಿವೆ. ದಯವಿಟ್ಟು ಊಟದ ಮಂಪರಿನಲ್ಲಿ ತೇಲಿಸಿಬಿಡಬೇಡಿ.

ಸಮಯವಾಯಿತೆಂದು ಸಂಚಾಲಕರ ಚೀಟಿ ಬಂದಿದೆ. ಮೊದಲ ಪ್ರಬಂಧ ಮಂಡಿಸುವ ಗೆಳತಿಗೆ ಈಗಲೇ ಪ್ರಶ್ನೆ ಕೇಳಿಬಿಡುತ್ತೇನೆ: ನಿಮ್ಮ ಸಂದರ್ಶನಗಳಲ್ಲಿ ಗುಣವಾಗದವರು ಎಷ್ಟು ಮಂದಿ? ಸೊನ್ನೆಯಾದರೂ ಸಂಕೋಚವಿಲ್ಲದೆ ಹೇಳಿ, ಚರ್ಚೆಯನ್ನು ಅಲ್ಲಿಂದಲೇ ಶುರುಮಾಡೋಣ.