ಸರ್ಟಿಫಿಕೇಟು ಅಚ್ಚು ಹಾಕಿದವನ ಮಾತು

(ಹುಬ್ಬಳ್ಳಿಯಲ್ಲಿ ಕನ್ನಡ ತರುಣರ ಎದುರು ಆಡಿದ ಮಾತಿನ ಬರಹರೂಪ)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿನಲ್ಲಿ ಕೂತವನು. ಅಣ್ಣಿಗೇರಿಯಲ್ಲಿ ಲಗ್ನಪತ್ರಿಕೆ, ಬಿಲ್ ಬುಕ್ಕು, ಜಾತ್ರೆಯ ಹ್ಯಾಂಡ್‌ಬಿಲ್ಲು ಅಚ್ಚು ಹಾಕಿ ಹೊಟ್ಟೆ ಹೊರೆಯುವವನು. ಇಂಥವನು 'ಇಂಟರ್ನೆಟ್ ಆಫ್ ಥಿಂಗ್ಸ್' ಬಗ್ಗೆ ಮಾತಾಡುತ್ತಾನೆಂದರೆ ನಿಮಗೆ ನಗು ಬರಬೇಕು. ನಕ್ಕುಬಿಡಿ. ಆದರೆ ನನ್ನ ಮೇಲೊಂದು ಪಾಪದ ಹೊರೆ ಇದೆ, ಅದನ್ನು ಇಳಿಸಲಿಕ್ಕೇ ಬಂದಿದ್ದೇನೆ.

ಎರಡು ವರ್ಷದ ಹಿಂದೆ ಒಂದು ತರಬೇತಿ ಕೇಂದ್ರದವರು ನನ್ನ ಪ್ರೆಸ್ಸಿಗೆ ಬಂದರು. ಹೆಸರು ಬೇಡ. 300 ಸರ್ಟಿಫಿಕೇಟು, ದಪ್ಪ ಕಾಗದ, ಬಂಗಾರದ ಬಣ್ಣದ ಅಂಚು. ಹಾಕಿಕೊಟ್ಟೆ, ರೊಕ್ಕ ಎಣಿಸಿಕೊಂಡೆ. ಕ್ಲಾಸು ಶುರುವಾಗುವುದು ಮುಂದಿನ ತಿಂಗಳು ಎಂದು ಆಮೇಲೆ ತಿಳಿಯಿತು. ಪಾಠಕ್ಕಿಂತ ಮೊದಲೇ ಪಾಸು! ಅಲ್ಲಿ ಸೇರಿದವರಲ್ಲಿ ನನ್ನ ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡುವ ಹುಡುಗನೂ ಒಬ್ಬ, ನವಲಗುಂದದ ಕಡೆಯವನು. ಅವನಪ್ಪ ಕಡಲೆ ಮಾರಿದ ದುಡ್ಡಿನಲ್ಲಿ 18,000 ರೂಪಾಯಿ ಕಟ್ಟಿದ್ದ. ಏನು ಕಲಿತೆಯೋ ಎಂದು ಕೇಳಿದೆ. 'ಇಂಗ್ಲಿಷ್‌ನ್ಯಾಗ ಸ್ಲೈಡ್ ತೋರ್ಸಿದ್ರು ಅಣ್ಣಾ. ಒಂದ ಬೋರ್ಡು, ಹದಿನೈದ ಮಂದಿ ಮುಟ್ಟಿ ಮುಟ್ಟಿ ನೋಡಿದ್ವಿ' ಅಂದ. ಕೈಯಲ್ಲಿ ನಾನೇ ಅಚ್ಚು ಹಾಕಿದ ಸರ್ಟಿಫಿಕೇಟು. ಅವತ್ತು ನನಗೆ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ.

ಆಮೇಲೆ ಇಬ್ಬರೂ ರಾತ್ರಿ ಪ್ರೆಸ್ಸಿನ ಕಂಪ್ಯೂಟರಿನ ಮುಂದೆ ಕೂತು ಹುಡುಕಿದೆವು. ಹೊಟ್ಟೆ ಉರಿಯಿತು. ಅವನು 18,000 ಕೊಟ್ಟು ಕೊಂಡದ್ದಕ್ಕಿಂತ ಹತ್ತು ಪಟ್ಟು ಒಳ್ಳೆಯ ಪಾಠ ಪುಕ್ಕಟೆ ಬಿದ್ದಿತ್ತು.

ಮೊದಲು ಈ ವಿದ್ಯೆ ಏನು? ಹೊಲದ ಮಣ್ಣಿನಲ್ಲಿ ಒಂದು ಸೆನ್ಸರ್ ತೇವ ಅಳೆಯುತ್ತದೆ. ಪಕ್ಕದ ಸಣ್ಣ ಚಿಪ್ಪು ಆ ಲೆಕ್ಕವನ್ನು ವೈಫೈ ಅಥವಾ ಸಿಮ್ ಮೂಲಕ ಕಳಿಸುತ್ತದೆ. ಮನೆಯಲ್ಲಿ ಕೂತ ರೈತ ಫೋನಿನಲ್ಲಿ ನೋಡುತ್ತಾನೆ. ತ್ರೀಫೇಸ್ ಕರೆಂಟು ನಡುರಾತ್ರಿ ಬಂದಾಗ ಹಾವು ಚೇಳು ತುಳಿದುಕೊಂಡು ಬೋರಿನ ಹತ್ತಿರ ಓಡುವ ನಮ್ಮ ಕಡೆಯವರಿಗೆ ಇದು ಶೋಕಿಯ ವಿದ್ಯೆಯಲ್ಲ.

ಇಂಜಿನಿಯರಿಂಗ್ ಓದಿರಬೇಕು ಎಂದು ಹೆದರಿಸುತ್ತಾರಲ್ಲ, ಅದು ಸುಳ್ಳು. ಇದರ ಅಕ್ಷರಾಭ್ಯಾಸ ಮಾಡಿಸುವ ಆರ್ಡುಯಿನೋ ಬೋರ್ಡು 2005ರಲ್ಲಿ ಇಟಲಿಯ ಇವ್ರಿಯಾ ಎಂಬ ಊರಿನಲ್ಲಿ ಹುಟ್ಟಿದ್ದೇ ಎಲೆಕ್ಟ್ರಾನಿಕ್ಸ್ ಗೊತ್ತಿಲ್ಲದ ವಿನ್ಯಾಸದ ವಿದ್ಯಾರ್ಥಿಗಳಿಗಾಗಿ. ಅದರ ತಂತ್ರಾಂಶ ಪುಕ್ಕಟೆ, ಒಳಗೇ ಉದಾಹರಣೆಗಳಿವೆ. ದೀಪ ಮಿಣುಕಿಸುವುದೇ ಮೊದಲ ಪಾಠ. ಬೋರ್ಡು ಕೊಳ್ಳಲು ದುಡ್ಡಿಲ್ಲವೇ? ವೋಕ್ವಿ, ಟಿಂಕರ್‌ಕ್ಯಾಡ್ ಎಂಬ ಎರಡು ತಾಣಗಳಿವೆ. ಬೋರ್ಡು, ವೈರು, ಸೆನ್ಸರ್ ಎಲ್ಲವನ್ನೂ ಪರದೆಯ ಮೇಲೇ ಜೋಡಿಸಿ ಪ್ರೋಗ್ರಾಮ್ ಓಡಿಸಬಹುದು. ತಪ್ಪಾದರೆ ಏನೂ ಸುಡುವುದಿಲ್ಲ. ನಮ್ಮ ಹುಡುಗ ಒಂದು ತಿಂಗಳು ಒಂದು ಪೈಸೆ ಖರ್ಚಿಲ್ಲದೆ ಹೀಗೇ ಕಲಿತ. ಆಮೇಲೆ ಶಾಂಘೈನ ಕಂಪನಿಯೊಂದರ ಇಎಸ್‌ಪಿ32 ಚಿಪ್ಪಿರುವ ಬೋರ್ಡು ತರಿಸಿದೆವು. ವೈಫೈ ಅದರೊಳಗೇ ಇದೆ. ನಾಲ್ಕೈದು ನೂರು ರೂಪಾಯಿ ಬಿತ್ತು.

ಕ್ರಮವಾಗಿ ಓದಬೇಕೆನ್ನುವವರಿಗೆ ಎನ್‌ಪಿಟಿಇಎಲ್ ಇದೆ, ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ ನಡೆಸುವಂಥದ್ದು. ಅದರಲ್ಲಿ ಖರಗಪುರ ಐಐಟಿಯ ಸುದೀಪ್ ಮಿಶ್ರಾ ಅವರ ಐಒಟಿ ಪಾಠ 12 ವಾರದ್ದು. ನೋಡಲು ಕಾಸಿಲ್ಲ. ಪರೀಕ್ಷೆ ಬರೆದು ಸರ್ಟಿಫಿಕೇಟು ಬೇಕೆಂದರೆ ಮಾತ್ರ ಶುಲ್ಕ. ನನ್ನ ಕೇಳಿದರೆ, ಮೊದಲು ಪಾಠ ಮುಗಿಸಿ, ಸರ್ಟಿಫಿಕೇಟಿನ ಚಿಂತೆ ಆಮೇಲೆ. ಸಿಸ್ಕೋ ಕಂಪನಿಯ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲೂ ಪುಕ್ಕಟೆ ಮೊದಲ ಪಾಠವಿದೆ. ಮುಂಬಯಿ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಮಾತ್ರ ನನಗೆ ಬಹಳ ಹಿಡಿಸಿತು. ಚಿಕ್ಕ ಚಿಕ್ಕ ವಿಡಿಯೋ, ಪಕ್ಕದಲ್ಲೇ ನೀವೂ ಮಾಡುತ್ತಾ ಹೋಗಬೇಕು. ಆರ್ಡುಯಿನೋ ಅಲ್ಲಿದೆ. ಅನೇಕ ವಿಷಯಗಳಿಗೆ ಕನ್ನಡದ ಧ್ವನಿಯನ್ನೂ ಕೊಟ್ಟಿದ್ದಾರೆ.

ಸಿಗ್ನಲ್ಲು ಸರಿಯಿಲ್ಲದ ಹಳ್ಳಿಯಲ್ಲಿ ಇದು ನಡೆಯುತ್ತದೆಯೇ ಎಂದು ಕೇಳುತ್ತೀರಿ. ಈ ಯಂತ್ರಗಳು ಮಾತಾಡುವ ಎಂಕ್ಯೂಟಿಟಿ ಎಂಬ ಪದ್ಧತಿಯನ್ನು 1999ರಲ್ಲಿ ಇಬ್ಬರು ಇಂಜಿನಿಯರುಗಳು ರೂಪಿಸಿದ್ದೇ ದೂರದ ತೈಲದ ಪೈಪುಗಳ ಸುದ್ದಿಯನ್ನು ಉಪಗ್ರಹದ ದುಬಾರಿ, ಸಣಕಲು ಸಂಪರ್ಕದಲ್ಲಿ ತರಿಸಲು. ನಾಲ್ಕು ಅಕ್ಷರದ ಸುದ್ದಿ ಸಾಕು. ಸಿಗ್ನಲ್ಲು ಎರಡು ಕಡ್ಡಿ ಇದ್ದರೂ ಹೋಗುತ್ತದೆ. ಇದನ್ನು ಪರೀಕ್ಷಿಸಲು ಮಾಸ್ಕಿಟೋದವರ ಸರ್ವರು ಪುಕ್ಕಟೆ ಇದೆ. ಆದರೆ ಅದು ಊರ ಚಾವಡಿ ಇದ್ದ ಹಾಗೆ, ಯಾರು ಬೇಕಾದರೂ ಕೇಳಿಸಿಕೊಳ್ಳಬಹುದು. ಕಲಿಯಲಿಕ್ಕೆ ಮಾತ್ರ ಬಳಸಿ. ಇನ್ನೊಂದು ಮಾತು, ಪಂಪ್‌ಸೆಟ್ಟಿನ ಸ್ಟಾರ್ಟರಿಗೆ ನೀವೇ ಕೈ ಹಾಕಬೇಡಿ. ಅದು 415 ವೋಲ್ಟು. ಇಲೆಕ್ಟ್ರಿಷಿಯನ್ನನನ್ನು ಕರೆಯಿರಿ.

ಇಷ್ಟೆಲ್ಲ ಪುಕ್ಕಟೆ ಸಿಕ್ಕಿತು. ಸಿಗದೇ ಹೋದದ್ದೇನು ಕೇಳಿ. ಹುಡುಗ ಎರಡು ಕಡ್ಡಿಯ ಅಗ್ಗದ ಸೆನ್ಸರನ್ನು ಅಪ್ಪನ ಹೊಲದಲ್ಲಿ ನೆಟ್ಟ. ಕೆಲವೇ ವಾರದಲ್ಲಿ ಕಡ್ಡಿ ತುಕ್ಕು ತಿಂದು ಹೋಯಿತು. ಕೆಪಾಸಿಟಿವ್ ಎಂಬ ಬೇರೆ ಜಾತಿಯದನ್ನು ತಂದ, ಅದಕ್ಕೆ ಲೋಹ ಮಣ್ಣಿಗೆ ತಾಗುವುದಿಲ್ಲ. ಅದು ತಾಳಿತು. ಆದರೆ ಬೇಸಿಗೆ ಬಂತು. ನಮ್ಮ ಎರಿ ಮಣ್ಣು ಅಂಗೈ ಅಗಲ ಬಿರುಕು ಬಿಡುತ್ತದಲ್ಲ, ಸೆನ್ಸರಿನ ಸುತ್ತ ಸಂದಾಗಿ ಅದು ಗಾಳಿಯನ್ನೇ ಅಳೆಯತೊಡಗಿತು. ಮೊಳದ ಕೆಳಗೆ ತೇವ ಇದ್ದರೂ 'ಪೂರಾ ಒಣಗಿದೆ' ಎಂದು ಫೋನು ಕೂಗುತ್ತಿತ್ತು! ಪಾಠದಲ್ಲಿ ಹೇಳಿದ ಅಂಕಿಗಳು ಯಾವುದೋ ಉಸುಕು ಮಣ್ಣಿನವು. ಕೊನೆಗೆ ಎಣ್ಣೆ ಡಬ್ಬಿಯಲ್ಲಿ ಒಣ ಎರಿ ಮಣ್ಣು ತುಂಬಿ, ಲೋಟದಿಂದ ಅಳೆದು ನೀರು ಹಾಕುತ್ತಾ, ಪ್ರತಿ ಸಲದ ಅಂಕಿ ಬರೆದುಕೊಂಡ. ಎಲ್ಲಿ ಬರೆದ? ನನ್ನ ಪ್ರೆಸ್ಸಿನ ರದ್ದಿ ಕಾಗದದ ಮೇಲೆ, ಕನ್ನಡದಲ್ಲಿ.

ಆ ಹಾಳೆಗಳು ನನ್ನ ಕಪಾಟಿನಲ್ಲಿವೆ. ನಾನು ಮೊಳೆ ಜೋಡಿಸುವುದು ಬಿಟ್ಟು ಡಿಟಿಪಿಗೆ ಬಂದಾಗಲೂ ಇಂಥದೇ ಒಂದು ನೋಟ್‌ಬುಕ್ಕು ನನ್ನನ್ನು ಉಳಿಸಿತ್ತು. ಹುಬ್ಬಳ್ಳಿಯ ಆಪರೇಟರ್ ಒಬ್ಬ ಯಾವ ಕೀ ಒತ್ತಿದರೆ ಯಾವ ಒತ್ತಕ್ಷರ ಎಂದು ಕೈಯಾರೆ ಬರೆದುಕೊಟ್ಟದ್ದು.

ನೀವು ಪೇಟೆಯ ಹುಡುಗರು. ನಿಮಗೆ ಇಂಗ್ಲಿಷ್ ಬರುತ್ತದೆ, ನೆಟ್ಟು ಓಡುತ್ತದೆ. ಆ 12 ವಾರ ನೀವು ಓದಿ. ಓದುವಾಗ ಪ್ರತಿ ವಾರ ಎರಡು ಪುಟ ಕನ್ನಡದಲ್ಲಿ ಬರೆಯಿರಿ. 'ಸೆನ್ಸರ್'ಗೆ ಸಂಸ್ಕೃತದ ಪದ ಹುಡುಕುತ್ತಾ ಕೂಡಬೇಡಿ, ಸೆನ್ಸರ್ ಅಂತಲೇ ಇರಲಿ. ಕುಂದಗೋಳದ ಮೆಣಸಿನಕಾಯಿ ಹೊಲದಲ್ಲೋ ಕಲಘಟಗಿಯ ಭತ್ತದ ಗದ್ದೆಯಲ್ಲೋ ಒಂದು ದಿನ ಡಬ್ಬಿ, ಲೋಟ ಹಿಡಿದು ಕೂತು ಆ ಮಣ್ಣಿನ ಅಂಕಿಗಳನ್ನೂ ಬರೆದು ತನ್ನಿ. ಹಾಳೆ ಮಡಿಸಿದರೆ ಒಂದು ಫಾರಂ, 16 ಪುಟ. ನಮ್ಮ ಹುಡುಗನದು ಈಗಾಗಲೇ ಐದು ಪುಟ ಆಗಿದೆ. ಉಳಿದ ಹನ್ನೊಂದು ನೀವು ಕೊಡಿ. ಕಾಗದ, ಮಸಿ, ಬೈಂಡಿಂಗ್ ನನ್ನದು.