ಬಂಗಾರದ ಬೆನ್ನು ಹತ್ತಿದವರು

ಕೆಂಪು ಕಲ್ಲಿನ ಗಣಿಗಳಿಂದ ಹೆಸರಾದ ಇಳಕಲ್ಲು-ಹುನಗುಂದಗಳ ಸೀಮೆಯಲ್ಲಿ, ಮರೋಳದಂತಹ ಗ್ರಾಮಗಳಲ್ಲಿ ಕುಳಿತು ಈ ಮಾತನ್ನು ಆಲಿಸುತ್ತಿರುವವರಿಗೆ, ನೆಲದೊಳಗಿನ ಸಂಪತ್ತನ್ನು ಮೇಲೆತ್ತಲು ಎದೆಗಾರಿಕೆಯೊಂದೇ ಸಾಲದೆಂಬುದನ್ನು ನಾನು ಹೊಸದಾಗಿ ಹೇಳಬೇಕಾಗಿಲ್ಲ. ಆದರೂ ಮೈಕೇಲ್ ಫಿಟ್ಸ್‌ಜೆರಾಲ್ಡ್ ಲವೆಲ್ಲನ ವೃತ್ತಾಂತವು ಸ್ಮರಣಾರ್ಹವಾದುದು.

ಐರ್ಲೆಂಡಿನವನಾದ ಈತನು ಬ್ರಿಟಿಷ್ ಸೈನ್ಯದಲ್ಲಿ ದುಡಿದು, ನ್ಯೂಜಿಲೆಂಡಿನ ಮಾವೋರಿ ಯುದ್ಧವನ್ನೂ ಕಂಡು, ನಿವೃತ್ತನಾಗಿ ಬೆಂಗಳೂರಿನ ದಂಡಿನಲ್ಲಿ ನೆಲಸಿದ್ದಾಗ, ಲೆಫ್ಟಿನೆಂಟ್ ಜಾನ್ ವಾರನ್ನನ ಹಳೆಯ ವರದಿಯೊಂದು ಅವನ ಕಣ್ಣಿಗೆ ಬಿದ್ದಿತು. 1802ರಲ್ಲಿ ಮೈಸೂರು ಸೀಮೆಯ ಪೂರ್ವದ ಎಲ್ಲೆಯನ್ನು ಅಳೆಯಲು ಬಂದಿದ್ದ ವಾರನ್ನನು, ಬಂಗಾರವನ್ನು ತೋರಿಸಿದವರಿಗೆ ಬಹುಮಾನವೆಂದು ಸಾರಲು, ಹಳ್ಳಿಗರು ಬಂಡಿಯಲ್ಲಿ ಮಣ್ಣು ಹೇರಿ ತಂದು, ಅವನ ಎದುರಿನಲ್ಲಿಯೇ ನೀರಿನಲ್ಲಿ ತೊಳೆದು, ತಳದಲ್ಲುಳಿದ ಹೊನ್ನಿನ ಕಣಗಳನ್ನು ತೋರಿಸಿದ್ದರು. ಆ ಹಳ್ಳಿಗರ ಹೆಸರನ್ನು ಯಾವ ರಸ್ತೆಗೂ ಇಟ್ಟಿಲ್ಲ. ಬೆಂಗಳೂರಿನಲ್ಲಿ ಲವೆಲ್ ರಸ್ತೆಯಂತೂ ಇದೆ!

ಇತರರು ಓದಿ ಮರೆತಿದ್ದ ಆ ವರದಿಯನ್ನು ನಂಬಿ, 1871ರಲ್ಲಿ ಎತ್ತಿನ ಬಂಡಿ ಹೂಡಿಸಿಕೊಂಡು ಕೋಲಾರದ ಕಡೆಗೆ ಹೊರಟದ್ದೇ ಲವೆಲ್ಲನ ನಿಜವಾದ ಸಾಹಸವೆಂದು ನನ್ನ ಭಾವನೆ. 1875ರಲ್ಲಿ ಅವನಿಗೆ ಇಪ್ಪತ್ತು ವರ್ಷಗಳ ಅನುಮತಿಯೇನೋ ದೊರೆಯಿತು. ಅಗೆಯುವುದಕ್ಕೆ ಕಾಸು ದೊರೆಯಲಿಲ್ಲ. ಎರಡು ವರ್ಷಗಳಲ್ಲಿ ಹಕ್ಕು ಪರರ ಪಾಲಾಯಿತು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಸಂಸ್ಥೆಯು ಪ್ರವೇಶಿಸಿದ ಮೇಲೂ ಹೂಡಿದ ಹಣವೆಲ್ಲ ಮಣ್ಣುಪಾಲಾಗುತ್ತ ಬರಲು, ಗಣಿಯನ್ನು ಮುಚ್ಚಿಬಿಡುವ ಆಲೋಚನೆಯೂ ನಡೆದಿತ್ತು. ಅಂತಹ ಸಮಯದಲ್ಲಿ ಪ್ಲಮ್ಮರ್ ಎಂಬವನು ಪ್ರಾಚೀನರು ತೋಡಿ ಬಿಟ್ಟಿದ್ದ ಹಳೆಯ ಗುಂಡಿಗಳ ಜಾಡನ್ನೇ ಹಿಡಿದು ಕೆಳಗಿಳಿಯಲಾಗಿ, ಚಾಂಪಿಯನ್ ಎಂಬ ಸಮೃದ್ಧವಾದ ಅದಿರಿನ ಎಳೆಯು ಸಿಕ್ಕಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಅಲ್ಲಿಗೆ ಹರಿದದ್ದೂ, ಆ ಗಣಿಯು ಮೂರು ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಇಳಿದದ್ದೂ, 2001ರಲ್ಲಿ ಮುಚ್ಚಿದ್ದೂ ಎಲ್ಲರೂ ಬಲ್ಲ ಸಂಗತಿ.

ನಮ್ಮ ನೆರೆಯ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿಯೂ ಪ್ರಾಚೀನರ ಅಂತಹವೇ ಗುಂಡಿಗಳಿದ್ದುವು. ಅದೇ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಬಂಗಾರವನ್ನರಸುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರನಿಗೆ ಬಂಡೆಯೊಂದರ ಮೇಲೆ ಕೊರೆದ ಅಕ್ಷರಗಳು ಕಂಡುವು. ದೇವಾನಾಂಪ್ರಿಯನೆಂಬ ಬಿರುದಿನ ಜೊತೆಯಲ್ಲಿ ಅಶೋಕನೆಂಬ ಹೆಸರನ್ನೂ ಹೊತ್ತಿದ್ದ ಆ ಶಾಸನದಿಂದ, ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ಅದುವರೆಗೆ ಊಹೆಯಾಗಿದ್ದುದು ವಿದ್ವಾಂಸರಿಗೆ ನಿಶ್ಚಿತವಾಯಿತು.