ಕಿತ್ತ ಮಾವು ಕೊಳೆಯದಂತೆ ಕಾಪಾಡೋಣ



ಸಂಘದಲ್ಲಿ ಸಾಲ ತೆಗೆದು, ಬಾದಾಮಿ ಮಾವಿನ ಕಾಯಿ ಕೊಂಡು, ಹಣ್ಣು ಮಾಡಿ ಸಂತೇಲಿ ಮಾರೋಣ ಅಂತ ಹೊರಟವರನ್ನು ನಾನು ನೋಡಿದ್ದೇನೆ. ಕೊಂಡಾಗ ಕಾಯಿ ಚೆನ್ನಾಗೇ ಇತ್ತು. ವಾರದಲ್ಲಿ ಸಿಪ್ಪೆ ಮೇಲೆ ಕಪ್ಪು ಚುಕ್ಕೆ, ಆಮೇಲೆ ಕೊಳೆ. ಹಣ್ಣು ತಿಪ್ಪೆಗೆ ಹೋಯಿತು, ಸಾಲದ ಕಂತು ಮಾತ್ರ ನಿಲ್ಲಲಿಲ್ಲ. "ನೀನು ಸರಿಯಾಗಿ ಜೋಡಿಸಲಿಲ್ಲ", "ನೀನು ನೋಡಿ ಕೊಳ್ಳಲಿಲ್ಲ" ಅಂತ ಸಂಘದಲ್ಲೇ ಜಗಳ. ನಿಜವಾಗಿ ತಪ್ಪು ಇಬ್ಬರದೂ ಅಲ್ಲ.

ಇದು ಚಿಬ್ಬು ರೋಗ. ಒಂದು ಬಗೆಯ ಬೂಷ್ಟಿನಿಂದ ಬರುತ್ತದೆ. ಬುಟ್ಟಿಯಲ್ಲಿ ಹುಟ್ಟುವುದಲ್ಲ; ಮಳೆ, ಮೋಡ, ತೇವ ಇದ್ದಾಗ ಮರದಲ್ಲೇ ಎಳೆಗಾಯಿಯ ಸಿಪ್ಪೆ ಸೇರಿ ಸುಮ್ಮನೆ ಕೂತಿರುತ್ತದೆ. ಕಾಯಿ ಮಾಗುವಾಗ ಎದ್ದು ಹರಡುತ್ತದೆ. ಅದಕ್ಕೇ ಕೊಳ್ಳುವಾಗ ನಮ್ಮ ಕಣ್ಣಿಗೆ ಕಾಣುವುದಿಲ್ಲ.

ಹಾಗಾದರೆ ನಾವೇನು ಮಾಡಬಹುದು?

1. ಬಲಿತ ಕಾಯನ್ನೇ ಬಲೆ ಕಟ್ಟಿದ ದೋಟಿಯಿಂದ, ತೊಟ್ಟಿನ ಸಮೇತ ಕೀಳಿಸಿ. ನೆಲಕ್ಕೆ ಬಿದ್ದದ್ದು, ಗಾಯವಾದದ್ದು ಬೇರೆ ಇಡಿ. ತೊಟ್ಟನ್ನು 1 ಸೆಂಟಿಮೀಟರ್ ಉಳಿಸಿ ಕತ್ತರಿಸಿ, ಬೋರಲು ಇಟ್ಟು ಸೊನೆ ಸೋರಿಸಿ. ಸೊನೆ ತಾಗಿದ ಕಡೆ ಸಿಪ್ಪೆ ಸುಡುತ್ತದೆ.

2. ಆ ದಿನವೇ ತೊಳೆದು, 52 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 10 ನಿಮಿಷ ಮುಳುಗಿಸಿಡಿ. ಇಷ್ಟು ಬಿಸಿಗೆ ಬೂಷ್ಟು ಅಡಗುತ್ತದೆ, ಕಾಯಿ ಬೇಯುವುದಿಲ್ಲ. ಹೆಚ್ಚಾದರೆ ಸಿಪ್ಪೆ ಕೆಡುತ್ತದೆ, ಕಡಿಮೆಯಾದರೆ ಪ್ರಯೋಜನವಿಲ್ಲ. ಕೈಯಲ್ಲಿ ಮುಟ್ಟಿ ಅಂದಾಜು ಮಾಡಬೇಡಿ. ಜ್ವರ ನೋಡುವ ಥರ್ಮಾಮೀಟರೂ ಆಗುವುದಿಲ್ಲ, ಅದು 42ರ ಸುಮಾರಿಗೇ ಮುಗಿಯುತ್ತದೆ. ನೀರಿನ ಬಿಸಿ ಅಳೆಯುವಂಥದನ್ನು ಸಂಘಕ್ಕೊಂದು ಕೊಳ್ಳಿ. ಕಾಯಿ ಹಾಕಿದಾಗ ನೀರು ಆರುತ್ತದೆ. ಬಿಸಿನೀರು ಸೇರಿಸುತ್ತಾ ಕಲಕುತ್ತಿರಿ.

3. ನೆರಳಲ್ಲಿ ಆರಿಸಿ, ಒಣಹುಲ್ಲಿನ ಮೇಲೆ ಗಾಳಿಯಾಡುವಂತೆ ಹರಡಿ. ದಿನಾ ನೋಡಿ, ಕೊಳೆತದ್ದನ್ನು ತೆಗೆಯಿರಿ. ಮಾಗದ ಕಾಯನ್ನು ಫ್ರಿಜ್ಜಿನಲ್ಲಿ ಇಡಬೇಡಿ. ಚಳಿಗೆ ಸಿಪ್ಪೆ ಕಂದುತ್ತದೆ, ಸರಿಯಾಗಿ ಹಣ್ಣಾಗುವುದಿಲ್ಲ.

4. ಬೇಗ ಹಣ್ಣಾಗಲಿ ಅಂತ ಕಾರ್ಬೈಡ್ ಪೊಟ್ಟಣ ಇಡಲೇಬೇಡಿ. ಅದರಲ್ಲಿ ವಿಷದ ಅಂಶ ಇರುತ್ತದೆ, ಕಾನೂನೂ ನಿಷೇಧಿಸಿದೆ. ನಮ್ಮ ಹಣ್ಣನ್ನು ತಿನ್ನುವುದು ಇನ್ನೊಬ್ಬ ತಾಯಿಯ ಮಗು ತಾನೇ?

ಬಿಸಿನೀರಿಗೆ ಹಾಕಿದರೆ ಒಂದೂ ಕೊಳೆಯೋದಿಲ್ಲ ಅಂತ ನಾನು ಹೇಳುವುದಿಲ್ಲ. ಗಾಯವಾದ ಕಾಯಿ ಉಳಿಯುವುದು ಕಷ್ಟ. ಅದಕ್ಕೇ ಮೊದಲು ಸಾಲ ಮಾಡಬೇಡಿ, ಪರೀಕ್ಷೆ ಮಾಡಿ. ಒಂದೇ ಮರದ 20 ಕಾಯಿ ತನ್ನಿ. ಹತ್ತನ್ನು ಬಿಸಿನೀರಿಗೆ ಹಾಕಿ, ಹತ್ತನ್ನು ಹಾಗೇ ಇಡಿ. ಯಾವುದು ಎಷ್ಟು ದಿನ ಉಳಿಯಿತು ಅಂತ ಸಂಘದ ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಮುಂದಿನ ಸಭೆಯಲ್ಲಿ ಜಗಳದ ಬದಲು ಆ ಲೆಕ್ಕ ಓದಿ, ಎಲ್ಲರೂ ಸೇರಿ ತೀರ್ಮಾನ ಮಾಡಿ.